ಮೇಲೆ ತಣ್ಣಗೋ, ಕೆಳಗೆ ತಣ್ಣಗೋ?

ಅಕ್ಟೋಬರ್ ಬಂತೆಂದರೆ ಇಂಗ್ಲೆಂಡಿನ ಮನೆಗಳಲ್ಲಿ ಬಾಯ್ಲರುಗಳು ಕಣ್ಣುಬಿಡುತ್ತವೆ. ಹಿಂದೆಯೇ ದೂರು: ಯಾವುದೋ ಒಂದು ರೂಮಿನ ರೇಡಿಯೇಟರ್ ಕಾಯುತ್ತಿಲ್ಲ. ಮೊದಲು ಬೈಸಿಕೊಳ್ಳುವುದು ಪಂಪ್. ಮಿಕ್ಕ ರೇಡಿಯೇಟರುಗಳು ಸುಡುತ್ತಿರುವಾಗ ಪಾಪ, ಅದರ ತಂಟೆಗೇ ಹೋಗಬಾರದು.

ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಮುಟ್ಟಿ ನೋಡಿ. ನೆತ್ತಿ ತಣ್ಣಗಿದ್ದು ಬುಡ ಬಿಸಿಯಾಗಿದ್ದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ನೆತ್ತಿಯ ಗಾಳಿ ತಿರುಪಿಗೆ ಕೀಲಿ ಹಾಕಿ ತಿರುಗಿಸಿ ಗಾಳಿ ಹೊರಬಿಟ್ಟರಾಯಿತು. ವಾರವಾರವೂ ಬಿಡಬೇಕಾಗಿ ಬಂದರೆ ಉಕ್ಕು ತುಕ್ಕು ಹಿಡಿಯುವಾಗ ಹುಟ್ಟುವ ಹೈಡ್ರೋಜನ್ ಇರಬಹುದು, ಹತ್ತಿರ ಬೆಂಕಿಕಡ್ಡಿ ಗೀರಬೇಡಿ. ಇಡೀ ರೇಡಿಯೇಟರೇ ತಣ್ಣಗಿದ್ದರೆ ನನ್ನ ಮೊದಲ ಅನುಮಾನ ಥರ್ಮೋಸ್ಟ್ಯಾಟಿಕ್ ವಾಲ್ವಿನ ಪಿನ್ ಮೇಲೆ. ಬೇಸಿಗೆಯೆಲ್ಲ ಮುಚ್ಚಿಕೊಂಡಿದ್ದು ಅಲ್ಲೇ ಅಂಟಿಕೊಂಡಿರುತ್ತದೆ. ತಲೆ ಬಿಚ್ಚಿ ಮೆಲ್ಲಗೆ ಒತ್ತಿಬಿಟ್ಟರೆ ಸಾಮಾನ್ಯವಾಗಿ ಮೇಲೇಳುತ್ತದೆ. ಇಕ್ಕಳ ಹಾಕಿ ಎಳೆದು ಪಿನ್ ಕೈಗೇ ಬಂದರೆ ಕಾರ್ಪೆಟ್ಟಿಗೆ ಕಪ್ಪು ಅಭಿಷೇಕ.

ಆ ಕಪ್ಪು ಕೆಸರು ನನಗೆ ಬಲು ಕುತೂಹಲದ ವಸ್ತು. ನೆತ್ತಿ ಕಾದು ಬುಡದ ನಡುಭಾಗ ಮಾತ್ರ ತಣ್ಣಗಿದ್ದರೆ ಅಲ್ಲಿ ಕೂತಿರುವುದು ಅದೇ: ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಕಪ್ಪು ಆಕ್ಸೈಡ್. ಆಯಸ್ಕಾಂತಕ್ಕೆ ಒಲಿಯುತ್ತದೆ, ತಾಮ್ರ ಒಲಿಯುವುದಿಲ್ಲ. ಹಾಗಾಗಿ ತಾಮ್ರದ ಪೈಪಿಗೆ ಆಯಸ್ಕಾಂತ ಕಚ್ಚಿಕೊಂಡಿತೆಂದರೆ ಒಳಗೆ ಕೆಸರು ಗಟ್ಟಿ ಕಟ್ಟಿದೆಯೆಂದೇ ಲೆಕ್ಕ. ಒಂದು ಪೈಪನ್ನೂ ಕೊಯ್ಯದೆ ಸಿಗುವ ಇಂಥ ಸಾಕ್ಷ್ಯ ಈ ಕಸುಬಿನಲ್ಲಿ ಅಪರೂಪ. ಅಟ್ಟದಲ್ಲಿ ಪುಟ್ಟ ನೀರಿನ ತೊಟ್ಟಿ ಇರುವ ಹಳೇ ಮನೆಗಳಲ್ಲಿ, ಆ ತೊಟ್ಟಿಯ ತಣ್ಣೀರ ಪೈಪು ಬಿಸಿನೀರ ಪೈಪಿಗೆ ಕೂಡುವ ಜಾಗದಲ್ಲೇ ಮೊದಲು ಹಿಡಿದು ನೋಡಿ. 8 ಮಿಲಿಮೀಟರಿನ ಸಣ್ಣ ಪೈಪುಗಳಿದ್ದರಂತೂ ಇನ್ನೂ ಅನುಮಾನವಿರಲಿ.

ಗಾಳಿಯಿಲ್ಲ, ಕೆಸರಿಲ್ಲ, ಆದರೂ ಕೊನೆಯ ರೂಮು ಕೊರೆಯುತ್ತಿದ್ದರೆ ತಕರಾರು ಹಂಚಿಕೆಯದು. ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದವರು ನೀರೆಳೆದುಕೊಂಡಾಗ ರಾಯಚೂರಿನ ಕೊನೆಭಾಗದ ಗದ್ದೆಗಳ ಪಾಡು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಯ್ಲರಿಗೆ ಹತ್ತಿರದ ರೇಡಿಯೇಟರುಗಳ ಹರಿವು ಹೊಂದಿಸುವ ಲಾಕ್‌ಶೀಲ್ಡ್ ವಾಲ್ವನ್ನು ಚೂರುಚೂರೇ ಬಿಗಿಮಾಡಿ, ದೂರದವನ್ನು ತೆರೆದಿಡಬೇಕು. ಒಳಹೋಗುವ ನೀರಿಗೂ ಹೊರಬರುವ ನೀರಿಗೂ ಹಳೇ ಪದ್ಧತಿಯಲ್ಲಿ 11 ಡಿಗ್ರಿ ಅಂತರವಿದ್ದರೆ ಸರಿ. ಕಂಡೆನ್ಸಿಂಗ್ ಬಾಯ್ಲರಾದರೆ 20ರವರೆಗೂ ಹೋಗಬಹುದು. ಇದಕ್ಕೆ ಅರ್ಧ ದಿನ ಬೇಕೆಂದು ಬೇಸತ್ತವರು ಪಂಪಿನ ವೇಗ ಏರಿಸುತ್ತಾರೆ. ಹತ್ತಿರದ ರೇಡಿಯೇಟರುಗಳು ಇನ್ನಷ್ಟು ಕುಡಿಯುತ್ತವೆ, ಪೈಪು ಕೂಗುತ್ತದೆ. ಹೀಗೆ ಅವಸರದಲ್ಲಿ ಸುತ್ತಿದ ನೀರು ಸುಮಾರು 55 ಡಿಗ್ರಿಗಿಂತ ಬಿಸಿಯಾಗಿಯೇ ಮರಳಿತೆಂದರೆ ಕಂಡೆನ್ಸಿಂಗ್ ಬಾಯ್ಲರು ಹೊಗೆಯ ಹಬೆಯಿಂದ ಶಾಖ ಹಿಂಡಲಾರದು. ಗ್ಯಾಸಿನ ಬಿಲ್ಲು ಮಾತ್ರ ತಪ್ಪದೆ ಬೆಚ್ಚಗಾಗುತ್ತದೆ.