ಹಳೆ ಡಿಸ್ಕ್ ಅಲಮಾರಿಗೆ

ಲಿನಕ್ಸ್ ಹಾಕಿದ ಕಂಪ್ಯೂಟರಿನ ದೊಡ್ಡ ತೊಂದರೆ ಎಂದರೆ ಅದು ಲಗೂನ ಕೆಡುವುದಿಲ್ಲ. ವಿಂಡೋಸ್ ಆದರೆ ವರ್ಷ ಎರಡು ವರ್ಷಕ್ಕೊಮ್ಮೆ ಕುಂಟುತ್ತದೆ. ಮಾಲೀಕ ಬೈದುಕೊಳ್ಳುತ್ತ ಡಬ್ಬಿಯನ್ನು ಬೈಕಿಗೆ ಕಟ್ಟಿಕೊಂಡು ಕಲಬುರಗಿಗೆ ಒಯ್ದು, ಎಲ್ಲ ಅಳಿಸಿ ಹೊಸದಾಗಿ ಹಾಕಿಸಿಕೊಂಡು ಬರುತ್ತಾನೆ. ಆ ನೆಪದಲ್ಲಾದರೂ ಅದು ಹೊಸದಾಗುತ್ತದೆ. ಲಿನಕ್ಸ್‌ಗೆ ಆ ಭಾಗ್ಯವಿಲ್ಲ. ಆಳಂದದ ಮೇಷ್ಟ್ರ ಮನೆಯಲ್ಲಿ, ಅಫಜಲಪುರದ ಗೊಬ್ಬರದ ಅಂಗಡಿಯಲ್ಲಿ, ಜೇವರ್ಗಿಯ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಉಬುಂಟು ಎಂಬ ಲಿನಕ್ಸಿನ 14.04, 16.04, 18.04 ಆವೃತ್ತಿಗಳು ಇಂದಿಗೂ ಬೆಳಿಗ್ಗೆ ಗುಂಡಿ ಒತ್ತಿದರೆ ಏಳುತ್ತವೆ, ರಾತ್ರಿ ಮಲಗುತ್ತವೆ. ಒಂದು ದಿನ ಬ್ಯಾಂಕಿನ ಪುಟ ತೆರೆಯುವುದಿಲ್ಲ. ‘ನೆಟ್ ಸ್ಲೋ ಅದ’ ಎಂದು ಎದ್ದು ಹೋಗುತ್ತಾರೆ. ನೆಟ್ ಸರಿಯಾಗಿಯೇ ಇರುತ್ತದೆ.

ನಮ್ಮ ಕಡೆ ಉಬುಂಟು ಬಂದದ್ದು ಹಲವು ದಾರಿಗಳಿಂದ. 2005ರಿಂದ 2011ರವರೆಗೆ ಉಬುಂಟು ಹೊರತರುವ ಕ್ಯಾನೊನಿಕಲ್ ಕಂಪನಿ ಕೇಳಿದವರಿಗೆಲ್ಲ ಉಬುಂಟು ಸಿ.ಡಿ.ಗಳನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿತ್ತು. ಅದು ನಿಂತ ವರ್ಷವೇ, 2011ರಲ್ಲಿ, ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿ.ಎಸ್.ಇ.ಆರ್.ಟಿ.) ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಹೈಸ್ಕೂಲ್ ಶಿಕ್ಷಕರಿಗಾಗಿ ಸಬ್ಜೆಕ್ಟ್ ಟೀಚರ್ ಫೋರಂ ಎಂಬ ಕಾರ್ಯಕ್ರಮ ಶುರು ಮಾಡಿದವು. ಅದರ ತರಬೇತಿಗಳಲ್ಲಿ ಗಣಿತ, ವಿಜ್ಞಾನ, ಸಮಾಜದ ಮೇಷ್ಟ್ರುಗಳು ಉಬುಂಟು, ಜಿಯೋಜೀಬ್ರಾ, ಲಿಬ್ರೆಆಫೀಸ್ ಕಲಿತರು. ಕಲಿತವರು ಮನೆಯ ಕಂಪ್ಯೂಟರಿಗೂ ಹಾಕಿಸಿಕೊಂಡರು. ಹಾಕಿಕೊಟ್ಟ ಹುಡುಗ ಈಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದಾನೆ. ಮೇಷ್ಟ್ರು ನಿವೃತ್ತರಾಗಿದ್ದಾರೆ. ಉಬುಂಟು ಮಾತ್ರ ಹಾಗೇ ಇದೆ.

ಉಬುಂಟು ಆವೃತ್ತಿಯ ಅಂಕಿಯೇ ಅದರ ಜನ್ಮದಿನ. 18.04 ಎಂದರೆ 2018ರ ನಾಲ್ಕನೆಯ ತಿಂಗಳು. ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬಂದದ್ದು ದೀರ್ಘ ಬೆಂಬಲದ ಆವೃತ್ತಿ, ಅದಕ್ಕೆ ಐದು ವರ್ಷ ಉಚಿತ ಪಾಲನೆ. ನಡುನಡುವೆ ಬರುವ ಉಳಿದವಕ್ಕೆ ಒಂಬತ್ತೇ ತಿಂಗಳು, ಆದ್ದರಿಂದ ಅವುಗಳ ಸಹವಾಸ ನಮಗೆ ಬೇಡ. ಈ ಲೆಕ್ಕದಲ್ಲಿ 14.04ರ ಗಡುವು 2019ಕ್ಕೆ, 16.04ರದು 2021ಕ್ಕೆ, 18.04ರದು 2023ಕ್ಕೆ, 20.04ರದು 2025ರ ಮೇ ತಿಂಗಳಿಗೆ ಮುಗಿದಿದೆ. ನಿಮ್ಮದು ಯಾವುದೆಂದು ಗೊತ್ತಿಲ್ಲದಿದ್ದರೆ ಸೆಟ್ಟಿಂಗ್ಸ್ ತೆರೆದು ಅಬೌಟ್ ಅಥವಾ ಡೀಟೇಲ್ಸ್ ಎಂಬಲ್ಲಿ ಒತ್ತಿ. ಅಲ್ಲೇ ಬರೆದಿರುತ್ತದೆ.

ಗಡುವು ಮುಗಿದ ಮಾತ್ರಕ್ಕೆ ಕಂಪ್ಯೂಟರ್ ನಿಲ್ಲುವುದಿಲ್ಲ. ಮಣ್ಣಿನ ಮಾಳಿಗೆ ಮನೆಯಿದ್ದವರಿಗೆ ಇದು ಗೊತ್ತು: ಒಂದು ವರ್ಷ ಮಳೆಗೆ ಮುಂಚೆ ಮೇಲೆ ಮಣ್ಣು ಹಾಕದಿದ್ದರೆ ಮಾಳಿಗೆ ಅಂದೇ ಕುಸಿಯುವುದಿಲ್ಲ, ಸೋರಲು ಶುರುವಾಗುತ್ತದೆ. ಮೊದಲು ಸೋರುವುದು ಬ್ರೌಸರ್. 32 ಬಿಟ್ ಲಿನಕ್ಸ್‌ಗೆ ಕ್ರೋಮ್ ಬೆನ್ನು ತಿರುಗಿಸಿದ್ದು 2016ರಲ್ಲಿ. ಫೈರ್‌ಫಾಕ್ಸ್ ಇನ್ನೂ ಒಂಬತ್ತು ವರ್ಷ ಕೈಹಿಡಿದು ನಡೆಸಿ, 2025ರ ಅಕ್ಟೋಬರ್‌ನ 144ನೆಯ ಆವೃತ್ತಿಗೆ ಸಾಕು ಎಂದಿತು. ಬ್ರೌಸರ್ ಹಳತಾದರೆ ಹೊಸ ಜಾಲತಾಣಗಳು ಅರ್ಧ ಬಿಳಿ ಪುಟ ತೋರಿಸುತ್ತವೆ, ಇಲ್ಲವೆ ಒಳಗೇ ಬಿಡುವುದಿಲ್ಲ.

ಆದರೆ ಎಲ್ಲ ತಪ್ಪನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ. ಮೊದಲು ಪರದೆಯ ಮೇಲಿನ ತಾರೀಖು ನೋಡಿ. ಮದರ್‌ಬೋರ್ಡಿನಲ್ಲಿ ಒಂದು ರೂಪಾಯಿ ನಾಣ್ಯದಂಥ ಸೆಲ್ ಇರುತ್ತದೆ, 2032 ಎಂದು ಕೇಳಿದರೆ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತರೆ ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಹತ್ತು ಹದಿನೈದು ವರ್ಷ ಹಿಂದಿನ ಜನವರಿ ಒಂದಕ್ಕೆ ಹೋಗಿ ಕೂರಬಹುದು. ಆಗ ಇವತ್ತಿನ ಜಾಲತಾಣಗಳ ಭದ್ರತಾ ಪ್ರಮಾಣಪತ್ರ ಅದರ ಕಣ್ಣಿಗೆ ಇನ್ನೂ ಹುಟ್ಟೇ ಇಲ್ಲ. ಒಂದು ಪುಟವನ್ನೂ ನಂಬುವುದಿಲ್ಲ, ಅಪ್‌ಡೇಟ್ ಕೂಡ ಎಳೆದುಕೊಳ್ಳುವುದಿಲ್ಲ. ಹೊಸ ಕಂಪ್ಯೂಟರ್ ಕೊಳ್ಳಲು ಹೊರಟವರನ್ನು ಈ ಸೆಲ್ ಉಳಿಸಿದ್ದನ್ನು ನಾನು ನೋಡಿದ್ದೇನೆ.

ತಾರೀಖು ಸರಿಯಿದೆ, ಆವೃತ್ತಿಯೇ ಹಳತು ಎಂದಾದರೆ ಪುಸ್ತಕದಲ್ಲಿ ಹೇಳುವ ದಾರಿ ಒಂದಿದೆ. ಸಾಫ್ಟ್‌ವೇರ್ ಅಪ್‌ಡೇಟರ್ ತೆರೆದು ಅಪ್‌ಗ್ರೇಡ್ ಒತ್ತುವುದು. ದೀರ್ಘ ಬೆಂಬಲದ ಆವೃತ್ತಿಗಳಲ್ಲಿ ಜಿಗಿಯಲು ಬರುವುದಿಲ್ಲ, 16.04ರಿಂದ 18.04ಕ್ಕೆ, ಅಲ್ಲಿಂದ 20.04ಕ್ಕೆ, ಆಮೇಲೆ 22.04ಕ್ಕೆ ಹತ್ತಬೇಕು. ಪ್ರತಿ ಸಲವೂ ಒಂದೆರಡು ಜಿಬಿ ಇಳಿಸಿಕೊಳ್ಳುತ್ತದೆ. ಹಳೆ ಹಾರ್ಡ್ ಡಿಸ್ಕ್ ಆದರೆ ತಾಸುಗಟ್ಟಲೆ ಗರಗರ ಎನ್ನುತ್ತದೆ. ನಡುವೆ ನಿಂತು, ಯಾವುದೋ ಕಡತದ ಹೆಸರು ಹೇಳಿ, ಇದ್ದದ್ದನ್ನೇ ಇಟ್ಟುಕೊಳ್ಳಲೋ ಹೊಸದು ಹಾಕಲೋ ಎಂದು ಕೇಳುತ್ತದೆ. (ತಿಳಿಯದಿದ್ದರೆ ಇದ್ದದ್ದನ್ನೇ ಇಟ್ಟುಕೊಳ್ಳಿ.) ಬಲ್ಲವರು ಇದನ್ನು ಬಹಳ ಸುಲಭ ಎನ್ನುತ್ತಾರೆ. ಇನ್ವರ್ಟರ್ ಇದ್ದವರಿಗೆ, ಕೇಬಲ್ ನೆಟ್ ಇದ್ದವರಿಗೆ ಸುಲಭವೇ.

ಮೇ ತಿಂಗಳ ಮಧ್ಯಾಹ್ನ ನಾಲ್ಕಕ್ಕೆ ಗಾಳಿ ಎದ್ದರೆ ನಮ್ಮಲ್ಲಿ ಕರೆಂಟ್ ಹೋಗುವುದು ಯಾರನ್ನೂ ಕೇಳಿ ಅಲ್ಲ. ಅಂಗಡಿಗಳ ಯು.ಪಿ.ಎಸ್. ಬ್ಯಾಟರಿಗಳು ಬಹುತೇಕ ಹೆಸರಿಗಷ್ಟೇ ಇವೆ. ಅಪ್‌ಗ್ರೇಡ್ ನಡುವೆ ಕರೆಂಟ್ ಹೋದರೆ ಕಂಪ್ಯೂಟರ್ ಹಳೆಯದೂ ಅಲ್ಲ, ಹೊಸದೂ ಅಲ್ಲ ಎಂಬ ಸ್ಥಿತಿಯಲ್ಲಿ ಉಳಿಯುತ್ತದೆ. ಅದನ್ನು ರಿಕವರಿ ಮೋಡಿನಿಂದ ರಿಪೇರಿ ಮಾಡಬಹುದು, ಆದರೆ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಓದುವ ಧೈರ್ಯ ಬೇಕು. ಇನ್ನು 32 ಬಿಟ್ ಉಬುಂಟು ಹಾಕಿದವರಿಗೆ ಈ ದಾರಿಯೇ ಇಲ್ಲ, 18.04ರ ಹತ್ತಿರ ಮುಗಿಯಿತು. ವಿಚಿತ್ರವೆಂದರೆ ಆ ಕಂಪ್ಯೂಟರುಗಳಲ್ಲಿ ಅನೇಕವು ಕೋರ್ ಟು ಡ್ಯುಯೊ ಪ್ರೊಸೆಸರಿನವು, 64 ಬಿಟ್‌ಗೆ ಪೂರ್ತಿ ಯೋಗ್ಯ. ‘ರ‍್ಯಾಮ್ ಕಡಿಮಿ ಅದ, 32 ಸಾಕು’ ಎಂದು ಯಾರೋ ಹಿಂದೆ ಹಾಕಿಬಿಟ್ಟಿರುತ್ತಾರೆ.

ಆದ್ದರಿಂದ ಮೆಟ್ಟಿಲು ಹತ್ತುವ ಸಾಹಸ ಬಿಡಿ ಎನ್ನುವುದು ನನ್ನ ಹಟ. ಸಾಟಾ ಎಸ್.ಎಸ್.ಡಿ. ಒಂದನ್ನು ಕೊಂಡುಕೊಳ್ಳಿ, 240 ಜಿಬಿಯದಾದರೂ ಸಾಕು. ಕರೆಂಟ್ ಪ್ಲಗ್ ಕಿತ್ತು, ಡಬ್ಬಿಯ ಬದಿಯ ಮುಚ್ಚಳ ಬಿಚ್ಚಿ, ಹಳೆ ಹಾರ್ಡ್ ಡಿಸ್ಕಿನ ಎರಡು ವೈರ್ ಕಳಚಿ ಅದೇ ವೈರನ್ನು ಎಸ್.ಎಸ್.ಡಿ.ಗೆ ಸಿಕ್ಕಿಸಿ. ಎರಡಕ್ಕೂ ಒಂದೇ ಬಗೆಯ ಸಾಟಾ ವೈರ್, ಉಲ್ಟಾ ಹಾಕಲು ಬರುವುದಿಲ್ಲ. ಹಳೆ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅಲಮಾರಿಯಲ್ಲಿಡಿ. ಅದರೊಳಗೆ ಮಗಳ ಲಗ್ನದ ಫೋಟೊ, ಸಂಘದ ಲೆಕ್ಕ, ಹೊಲದ ಪಹಣಿಯ ಸ್ಕ್ಯಾನ್ ಎಲ್ಲವೂ ಹೇಗಿತ್ತೋ ಹಾಗೇ ಇರುತ್ತದೆ. ಬ್ಯಾಕಪ್ ಅಂದರೆ ಏನು, ಯಾವ ಫೋಲ್ಡರ್ ಎಲ್ಲಿದೆ, ಯಾವುದು ಅಡಗಿದೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ತಾಂತ್ರಿಕತೆ ಬಾರದವನಿಗೆ ಮುಟ್ಟದೆ ಇಟ್ಟ ಡಿಸ್ಕಿಗಿಂತ ಒಳ್ಳೆಯ ಬ್ಯಾಕಪ್ ಇಲ್ಲ. ಹೊಸದು ಹಾಕುವಾಗ ಕರೆಂಟ್ ಹೋಯಿತೆ? ಹೋಗಲಿ. ಬಂದ ಮೇಲೆ ಮೊದಲಿನಿಂದ ಶುರು ಮಾಡಿದರಾಯಿತು. ಹೊಸದು ಮನಸ್ಸಿಗೆ ಬಾರದಿದ್ದರೆ ಹಳೆಯದನ್ನೇ ಮತ್ತೆ ಸಿಕ್ಕಿಸಿ, ಸಂಜೆಗೆ ಮೊದಲಿನ ಕಂಪ್ಯೂಟರ್ ಮರಳುತ್ತದೆ. ಜೊತೆಗೆ ಇನ್ನೊಂದು ಲಾಭ: ಈ ಹಳೆ ಡಬ್ಬಿಗಳು ನಿಧಾನವಾಗಿದ್ದು ಬಹುಪಾಲು ತಿರುಗುವ ಡಿಸ್ಕಿನಿಂದಲೇ. ಎಸ್.ಎಸ್.ಡಿ. ಬಂದ ಮೇಲೆ ಅದೇ ಪ್ರೊಸೆಸರ್ ಬೇರೆಯದೇ ಆಗಿ ಓಡುತ್ತದೆ.

ಯಾವ ಲಿನಕ್ಸ್ ಹಾಕಬೇಕು ಎಂಬ ಜಗಳಕ್ಕೆ ಇಳಿದರೆ ಈ ಅಂಕಣ ಸಾಲದು. ನನ್ನ ಮತ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪಕ್ಕೆ. ಮಿಂಟ್ 22ಕ್ಕೆ 2029ರ ಏಪ್ರಿಲ್‌ವರೆಗೆ ಬೆಂಬಲವಿದೆ, ಎರಡು ಜಿಬಿ ರ‍್ಯಾಮ್‌ನಲ್ಲೂ ಏಳುತ್ತದೆ, ನಾಲ್ಕಿದ್ದರೆ ನೆಮ್ಮದಿ. ಉಬುಂಟು 24.04 ನಾಲ್ಕಕ್ಕಿಂತ ಕಡಿಮೆಗೆ ಒಲ್ಲೆ ಎನ್ನುತ್ತದೆ. ಅದೂ ಅಲ್ಲದೆ 22.04ರಿಂದ ಈಚೆಗೆ ಉಬುಂಟು ಫೈರ್‌ಫಾಕ್ಸನ್ನು ಸ್ನ್ಯಾಪ್ ಎಂಬ ಪ್ಯಾಕೇಜಿನ ರೂಪದಲ್ಲಿ ಕೊಡುತ್ತಿದೆ, ಹಳೆ ಡಬ್ಬಿಯಲ್ಲಿ ಮೊದಲ ಸಲ ತೆರೆಯುವಷ್ಟರಲ್ಲಿ ಚಹಾ ಆರುತ್ತದೆ. ನಿಜಕ್ಕೂ 32 ಬಿಟ್ ಮಾತ್ರ ಬಲ್ಲ ಪುರಾತನ ಡಬ್ಬಿಗಳಿಗೆ ಡೆಬಿಯನ್ 12 ಇತ್ತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ಬಿಟ್ಟಿತು. ಅವನ್ನು ಇನ್ನು ನೆಟ್‌ನಿಂದ ದೂರವಿಟ್ಟು ಹಾಡು ಕೇಳಲು ಬಳಸಿ. ಎಸ್.ಎಸ್.ಡಿ.ಗೂ ಈಗ ಕೈಯಲ್ಲಿ ದುಡ್ಡಿಲ್ಲ, ಮುಂದಿನ ತೊಗರಿ ರಾಶಿಯ ಮೇಲೆ ನೋಡೋಣ ಎನ್ನುವವರಿಗೆ ಕ್ಯಾನೊನಿಕಲ್‌ನ ಉಬುಂಟು ಪ್ರೊ ಇದೆ. ಸ್ವಂತ ಬಳಕೆಯ ಐದು ಕಂಪ್ಯೂಟರಿನವರೆಗೆ ಪುಕ್ಕಟೆ, 18.04ಕ್ಕೂ 2028ರವರೆಗೆ ಭದ್ರತಾ ತಿದ್ದುಪಡಿ ಬರುತ್ತದೆ.

ದಿನಕ್ಕೆ ಒಂದೂವರೆ ಎರಡು ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಮಿಂಟ್‌ನ ಮೂರು ಜಿಬಿ ಹತ್ತಿರದ ಕಡತ ಒಂದೇ ದಿನ ಇಳಿಯುವುದಿಲ್ಲ, ಉಬುಂಟುವಿನ ಆರು ಜಿಬಿ ಮಾತು ಬೇಡವೇ ಬೇಡ. ಟೊರೆಂಟ್‌ನಲ್ಲಿ ಇಳಿಸಿದರೆ ನಿಂತಲ್ಲಿಂದ ಮರುದಿನ ಮುಂದುವರಿಯುತ್ತದೆ. ಇಲ್ಲವೆ ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿರುವ ತಂಗಿಯ ಮಗನಿಗೆ ಹೇಳಿ, ಬರುವಾಗ ಎಂಟು ಜಿಬಿ ಪೆನ್‌ಡ್ರೈವ್‌ನಲ್ಲಿ ಎಚರ್ ತಂತ್ರಾಂಶದಿಂದ ಬರೆದುಕೊಂಡು ಬರಲಿ. ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ ಎಂದು ಬಿಡಿಸಿ ಹೇಳಿ. ಹುಡುಗರು ಅಷ್ಟೇ ಮಾಡಿ ತರುತ್ತಾರೆ.

ಪೆನ್‌ಡ್ರೈವ್‌ನಿಂದ ಎದ್ದ ಮಿಂಟ್ ಮೊದಲು ಡಿಸ್ಕನ್ನು ಮುಟ್ಟುವುದಿಲ್ಲ. ಹಾಗೇ ಇಟ್ಟುಕೊಂಡು ಅರ್ಧ ತಾಸು ಆಡಿ ನೋಡಬಹುದು. ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಹೊತ್ತು ಇದೇ. ಧ್ವನಿ ಬರುತ್ತದೆಯೇ, ಪ್ರಿಂಟರ್ ಕಾಣಿಸುತ್ತದೆಯೇ, ವೈಫೈ ಹಿಡಿಯುತ್ತದೆಯೇ? ಬ್ರಾಡ್‌ಕಾಮ್ ಚಿಪ್ ಇರುವ ಲ್ಯಾಪ್‌ಟಾಪುಗಳಲ್ಲಿ ವೈಫೈ ಬಾರದಿದ್ದರೆ ಗಾಬರಿ ಬೇಡ. ಮೊಬೈಲನ್ನು ಚಾರ್ಜಿಂಗ್ ವೈರಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿ. ಇನ್‌ಸ್ಟಾಲ್ ಆದ ಮೇಲೆ ಅದೇ ನೆಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರನ್ನು ಅದೇ ಹುಡುಕಿಕೊಡುತ್ತದೆ.

ಇನ್ನು ಕನ್ನಡ. ನುಡಿ ತಂತ್ರಾಂಶದ ಕೀಲಿಮಣೆಗೆ ಬೆರಳು ಪಳಗಿದವರು ಮಿಂಟ್‌ನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿ, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂಬುದನ್ನು ಆರಿಸಿಕೊಳ್ಳಬೇಕು. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ, ಕನ್ನಡ ಗಣಕ ಪರಿಷತ್ತು ನುಡಿಗೆ ಬಳಸಿದ ವಿನ್ಯಾಸ ಅದೇ. ಅಕ್ಷರಶೈಲಿಗೆ ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತವೆ. ಗುಬ್ಬಿ ದಿನದ ಬರಹಕ್ಕೆ, ನವಿಲು ಕೈಬರಹದಂತೆ ಕಾಣಬೇಕಾದಲ್ಲಿಗೆ. ಕಷ್ಟ ಇರುವುದು ಹಳೆ ಕಡತಗಳಲ್ಲಿ. ಜೇವರ್ಗಿಯ ಜೆರಾಕ್ಸ್ ಅಂಗಡಿಯವರು ಹೊಸ ಮಿಂಟ್‌ನಲ್ಲಿ ಹಳೆಯ ಅರ್ಜಿ ನಮೂನೆಯೊಂದನ್ನು ತೆರೆದು ತಲೆ ಮೇಲೆ ಕೈ ಇಟ್ಟು ಕೂತಿದ್ದರು.

“ಸರ್, ಫೈಲೆಲ್ಲಾ ಖರಾಬ್ ಆಗ್ಯಾವ್ರಿ. ಕನ್ನಡ ಹೋಗಿ ಇಂಗ್ಲಿಷ್ ಬರ್ಲಾಕತ್ತದ.”

“ಖರಾಬ್ ಏನೂ ಆಗಿಲ್ಲ ತಗೋರಿ. ನುಡಿ ಫಾಂಟ್ ಇಲ್ಲ ಅಷ್ಟೇ.”

ಪರದೆಯಲ್ಲಿ ‘ಕನ್ನಡ’ ಎಂದಿರಬೇಕಾದ ಕಡೆ ಒಂದು ದೊಡ್ಡ ಪಿ, ತಲೆ ಮೇಲೆ ಗೆರೆ ಹೊತ್ತ ಎ, ಬ್ರಿಟಿಷರ ಪೌಂಡಿನ ಗುರುತು ಸಾಲಾಗಿ ನಿಂತಿದ್ದವು. ಹಳೆಯ ನುಡಿ ಕಡತಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಹೀಗೆ. ಅಲಮಾರಿಯ ಡಿಸ್ಕನ್ನು ಯುಎಸ್‌ಬಿ ಕೇಸಿಂಗಿನಲ್ಲಿ ಹಾಕಿ ಜೋಡಿಸಿದೆವು. ಅದರ ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದಾಗ ಅಡಗಿದ ಫೋಲ್ಡರುಗಳು ಕಂಡವು. ಫಾಂಟ್ಸ್ ಎಂಬ ಹೆಸರಿನದರೊಳಗೆ ನುಡಿಯ ಕಡತಗಳಿದ್ದವು, ಎರಡು ಸಲ ಒತ್ತಿ ಇನ್‌ಸ್ಟಾಲ್ ಕೊಟ್ಟಾಯಿತು. ಅರ್ಜಿ ಮತ್ತೆ ಕನ್ನಡವಾಯಿತು. ಇದು ಪ್ರಿಂಟಿಗೆ ಸಾಕು. ವಾಟ್ಸ್ಯಾಪಿಗೆ, ಮೇಲ್‌ಗೆ, ಸರ್ಕಾರಿ ಜಾಲತಾಣದ ಪೆಟ್ಟಿಗೆಗೆ ಹಾಕಬೇಕಾದರೆ ಯೂನಿಕೋಡ್ ಆಗಲೇಬೇಕು. ಅದಕ್ಕೂ ಅರವಿಂದ ಅವರದೇ ಪರಿವರ್ತಕವಿದೆ, ಉಚಿತ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ.

ಎಲ್ಲರೂ ಬದಲಾಗಿ ಎಂದು ನಾನು ಹೇಳುತ್ತಿಲ್ಲ. ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಮಾಡಿ ಹೊಟ್ಟೆ ಹೊರೆಯುವವರು ಆ ಹಳೆ ವಿಂಡೋಸ್ ಡಬ್ಬಿಯ ನೆಟ್ ಕಿತ್ತು ಹಾಗೇ ಇಟ್ಟುಕೊಳ್ಳಲಿ. ಬೆರಳಚ್ಚು ಯಂತ್ರಗಳ ತಂತ್ರಾಂಶ ಹೆಚ್ಚಾಗಿ ವಿಂಡೋಸ್‌ಗೆ, ಆಂಡ್ರಾಯ್ಡ್‌ಗೆ ಮಾಡಿದ್ದು. ಆಧಾರ್ ಕೆಲಸ ಮಾಡುವ ಸೇವಾ ಕೇಂದ್ರದವರಿಗೆ ಲಿನಕ್ಸ್ ಹಚ್ಚಿಕೊಟ್ಟು ಬೈಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಮಿಕ್ಕವರಿಗೆ ಒಂದೇ ಕಾಟ ಪ್ರಿಂಟರ್. ಎಚ್‌ಪಿ ಲೇಸರ್‌ಜೆಟ್ 1020 ಇದ್ದರೆ ಎಚ್‌ಪಿಲಿಪ್ ಎಂಬ ಡ್ರೈವರಿನ ಜೊತೆಗೆ ಪ್ಲಗಿನ್ ಎಂಬ ಸಣ್ಣ ತುಣುಕನ್ನು ಹೊಸದಾಗಿ ಇಳಿಸಬೇಕು. ಎರಡರ ಆವೃತ್ತಿ ಒಂದೇ ಇರದಿದ್ದರೆ ಪ್ರಿಂಟರ್ ದೀಪ ಮಿಣುಕುತ್ತದೆ, ಹಾಳೆ ಎಳೆಯುವುದಿಲ್ಲ. ಕ್ಯಾನನ್ 2900ರ ಲಿನಕ್ಸ್ ಡ್ರೈವರ್ ಮೊದಲಿನಿಂದಲೂ ಹಟಮಾರಿ. ಬಲ್ಲವರು ಪಕ್ಕದಲ್ಲಿದ್ದಾಗಲೇ ಅದಕ್ಕೆ ಕೈ ಹಾಕಿ. ಪ್ರಿಂಟರ್ ಸರಿಯಾಗುವವರೆಗೆ ಅಲಮಾರಿಯ ಡಿಸ್ಕನ್ನು ಅಳಿಸಬೇಡಿ, ಮೊಮ್ಮಗನಿಗೆ ಆಟ ತುಂಬಿಕೊಳ್ಳಲೂ ಕೊಡಬೇಡಿ.