ಬೀಗ ಗಟ್ಟಿ, ಅನುಮತಿ ಎಲ್ಲಿ?

ಮೊಬೈಲ್ ಫೋನಿನಲ್ಲಿರುವ ಖಾಸಗಿ ಮಾಹಿತಿಯನ್ನು ದೂರದ ಸರ್ವರ್‌ಗೆ ಕಳಿಸಿ ಲೆಕ್ಕ ಮಾಡಿಸಬೇಕು; ಆದರೆ ಆ ಮಾಹಿತಿ ಏನೆಂದು ಸರ್ವರ್‌ಗೆ ತಿಳಿಯಬಾರದು. ಅಸಾಧ್ಯವೆನಿಸುವ ಈ ಬೇಡಿಕೆಯನ್ನು ಹೋಮೋಮಾರ್ಫಿಕ್ ಗೂಢಲಿಪೀಕರಣ ಎಂಬ ಗಣಿತವಿಧಾನ ಪೂರೈಸುತ್ತದೆ. ಆಪಲ್ ಕಂಪನಿ 2024ರಲ್ಲಿ ಇದನ್ನು ಐಫೋನಿನ ಫೋಟೊ ಹುಡುಕಾಟಕ್ಕೆ ಅಳವಡಿಸಿತು. ಇದರ ಗುಣದೋಷಗಳನ್ನು ತೂಗಿ ನೋಡೋಣ.

ಮೊದಲು ತತ್ತ್ವ. ಇಬ್ಬರು ವಿದ್ಯಾರ್ಥಿಗಳ ಅಂಕಗಳು 35 ಮತ್ತು 42. ಅಂಕ ತಿಳಿಸದೆ ಮೊತ್ತವನ್ನು ಬೇರೊಬ್ಬರಿಂದ ಮಾಡಿಸಬೇಕು. ಮೊದಲನೆಯದಕ್ಕೆ 518, ಎರಡನೆಯದಕ್ಕೆ 267 ಎಂಬ ಗುಟ್ಟಿನ ಸಂಖ್ಯೆಗಳನ್ನು ಸೇರಿಸಿ 553 ಮತ್ತು 309 ಎಂದು ಕೊಡಿ. ಅವರು 862 ಎನ್ನುತ್ತಾರೆ. ಗುಟ್ಟಿನ ಸಂಖ್ಯೆಗಳ ಮೊತ್ತ 785ನ್ನು ಕಳೆದರೆ ನಿಮಗೆ 77 ಸಿಗುತ್ತದೆ. ಇದು ಸರಳ ಮಾದರಿ ಮಾತ್ರ. ನಿಜವಾದ ವಿಧಾನದಲ್ಲಿ ಗುಣಾಕಾರವೂ ನಡೆಯಬೇಕು. 1978ರಲ್ಲಿ ರಿವೆಸ್ಟ್, ಏಡಲ್‌ಮನ್ ಮತ್ತು ಡರ್ಟೂಜೋಸ್ ಮುಂದಿಟ್ಟ ಈ ಸಮಸ್ಯೆಗೆ ಪೂರ್ಣ ಪರಿಹಾರದ ದಾರಿಯನ್ನು 2009ರಲ್ಲಿ ಕ್ರೇಗ್ ಜೆಂಟ್ರಿ ತೋರಿಸಿದರು.

ಫೋಟೊದಲ್ಲಿ ಐಫೆಲ್ ಗೋಪುರದಂಥ ಪ್ರಸಿದ್ಧ ಸ್ಥಳವಿರಬಹುದೆಂದು ಕಂಡರೆ ಫೋನು ಆ ಭಾಗವನ್ನು ಸಂಖ್ಯೆಗಳ ಸಾಲಾಗಿ ಪರಿವರ್ತಿಸಿ, ಗೂಢಲಿಪಿಗೆ ತಂದು ಸರ್ವರ್‌ಗೆ ಕಳಿಸುತ್ತದೆ. ಸರ್ವರ್ ತನ್ನ ಸಂಗ್ರಹದಲ್ಲಿರುವ ಸ್ಥಳಗಳೊಡನೆ ಅದನ್ನು ಗೂಢರೂಪದಲ್ಲೇ ಹೋಲಿಸುತ್ತದೆ. ಉತ್ತರವೂ ಗೂಢರೂಪದಲ್ಲೇ ಮರಳುತ್ತದೆ. ಅದನ್ನು ಬಿಡಿಸುವ ಕೀಲಿ ಫೋನಿನಲ್ಲಿ ಮಾತ್ರ ಇರುತ್ತದೆ.

ಇದು ಮೆಚ್ಚಬೇಕಾದ ಸಾಧನೆ. ಗೂಢಲಿಪಿಯ ಲೆಕ್ಕ ಸಾಮಾನ್ಯ ಲೆಕ್ಕಕ್ಕಿಂತ ಬಹಳ ನಿಧಾನ. ಅದನ್ನು ಜನಬಳಕೆಗೆ ತಂದದ್ದು ಸಣ್ಣ ಮಾತಲ್ಲ. ಲೆಕ್ಕದ ತಂತ್ರಾಂಶ ಸಂಗ್ರಹವನ್ನು ಕಂಪನಿ ಎಲ್ಲರ ಪರಿಶೀಲನೆಗೂ ತೆರೆದಿಟ್ಟಿತು.

ಆದರೆ ಗಣಿತವೊಂದೇ ಎಲ್ಲವನ್ನೂ ಕಾಯುವುದಿಲ್ಲ. ಇಡೀ ಸಂಗ್ರಹವನ್ನು ಹುಡುಕುವುದು ದುಬಾರಿಯಾದ್ದರಿಂದ, ಅದರ ಯಾವ ಭಾಗದಲ್ಲಿ ಹುಡುಕಬೇಕೆಂದು ಫೋನೇ ಸೂಚಿಸುತ್ತದೆ. ಆ ಸೂಚನೆಯಿಂದಲೂ ಗುಟ್ಟು ಸೋರಬಹುದು. ಆದ್ದರಿಂದ ನಿಜವಾದ ಪ್ರಶ್ನೆಗಳ ಜೊತೆ ಸುಳ್ಳು ಪ್ರಶ್ನೆಗಳನ್ನು ಬೆರೆಸಿ, ಫೋನಿನ ಅಂತರಜಾಲ ವಿಳಾಸವನ್ನು ಮಧ್ಯವರ್ತಿಯೊಬ್ಬರ ಮೂಲಕ ಮರೆಮಾಡಬೇಕಾಯಿತು. ಜೊತೆಗೆ, ಫೋನಿನೊಳಗಿನ ತಂತ್ರಾಂಶ ಹೇಳಿದಂತೆಯೇ ನಡೆಯುತ್ತದೆಂದು ನಾವು ನಂಬಲೇಬೇಕು. ಅದರ ಬಹುಭಾಗ ನಮ್ಮ ಪರಿಶೀಲನೆಗೆ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಬೇರೆಯದು. ಈ ಸೌಲಭ್ಯ ಫೋನುಗಳಿಗೆ ಬಂದಾಗ ಬಳಕೆದಾರರನ್ನು ಕೇಳದೆ ತಾನಾಗಿಯೇ ಚಾಲನೆಯಲ್ಲಿತ್ತು. ನಿಲ್ಲಿಸುವ ಗುಂಡಿ ಇತ್ತು, ಆದರೆ ಅದು ಸೆಟ್ಟಿಂಗ್ಸ್ ಪುಟಗಳೊಳಗೆ. 2024ರ ಡಿಸೆಂಬರ್ ಕೊನೆಗೆ ಇದು ಬೆಳಕಿಗೆ ಬಂದಾಗ ಆಕ್ಷೇಪಣೆಗಳೆದ್ದವು. ಯಾರೂ ಓದಲಾಗದ ಮಾಹಿತಿಗೆ ಅನುಮತಿಯೇಕೆ ಎಂದು ಕೇಳಬಹುದು. ನಮ್ಮ ಪೆಟ್ಟಿಗೆಯನ್ನು ಬೇರೆಡೆಗೆ ಸಾಗಿಸುವವರು ಬೀಗ ಗಟ್ಟಿಯಾಗಿದೆ ಎಂದರೆ ಸಾಲದು, ಮೊದಲು ನಮ್ಮನ್ನು ಕೇಳಬೇಕು. ಮಾಹಿತಿಯನ್ನು ಯಾರು ಓದಬಲ್ಲರು ಎಂಬ ಪ್ರಶ್ನೆಗೆ ಗಣಿತ ಉತ್ತರಿಸುತ್ತದೆ. ಅದನ್ನು ಕಳಿಸಬೇಕೆ ಬೇಡವೆ ಎಂಬ ನಿರ್ಧಾರ ಮಾತ್ರ ಮಾಲೀಕರದು.

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ವಿನಂತಿಯನ್ನು ಕನ್ನಡವೂ ಸೇರಿದಂತೆ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವಿರಬೇಕು. ಗೂಢಲಿಪಿ ಎಷ್ಟೇ ಭದ್ರವಾಗಿದ್ದರೂ ಅದು ಒಪ್ಪಿಗೆಗೆ ಬದಲಿಯಾಗಲಾರದು. ಮೇಲಿನ ಅಂಕಗಳ ಲೆಕ್ಕವನ್ನು ತರಗತಿಯಲ್ಲಿ ಮಾಡಿಸುವ ಶಿಕ್ಷಕರು ಈ ಮಾತನ್ನೂ ಸೇರಿಸಿ ಹೇಳಬೇಕು. ಆಗಲೇ ಪಾಠ ಪೂರ್ಣವಾಗುತ್ತದೆ.