ಶಾಲೆಯ ಅಂಗಳದಲ್ಲಿ ಬಯಲಾಟ: ಒಂದು ವಿಮರ್ಶೆ

ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣಕ್ಕೆ ಕುಣಿತ, ನಾಟಕಗಳನ್ನು ಜೋಡಿಸಿದರು. ಮುಂದೆ ಯಕ್ಷಗಾನದ ಗದ್ಯಮಾತನ್ನು ಕೈಬಿಟ್ಟು, ಪಿಟೀಲು-ಸ್ಯಾಕ್ಸೊಫೋನುಗಳನ್ನು ಕೂಡಿಸಿ, ಅದನ್ನು ಬ್ಯಾಲೆಯ ರೂಪಕ್ಕೆ ತಂದರು. ಈ ಎರಡನೆಯ ಪ್ರಯೋಗವು ರಂಗದ ಮೇಲೆ ಎಷ್ಟೇ ಸೊಗಸಾಗಿದ್ದರೂ ಶಾಲೆಗೆ ಮಾದರಿಯಾಗಲಾರದೆಂದು ನನ್ನ ಮತ. ಅರ್ಥಗಾರಿಕೆಯನ್ನು ಬಿಟ್ಟ ಮಗು ಕುಣಿಯಲು ಕಲಿತೀತು, ಸಭೆಯಲ್ಲಿ ನಿಂತು ನುಡಿಯಲು ಕಲಿಯದು. ಉಡುಪಿಯ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟು ಮಾತುಸಹಿತವಾಗಿಯೇ ಪ್ರಸಂಗಗಳನ್ನು ಕಲಿಸಿರುವುದು ಈ ದೃಷ್ಟಿಯಿಂದ ಗಮನಾರ್ಹ. ಅಲ್ಲಿ ಬಾಲಕಿಯರೂ ವೇಷ ಕಟ್ಟಿದ್ದಾರೆ.

ಬೆಳವಣಕಿಯ ಸುತ್ತಿನ ರೋಣ ಸೀಮೆಯಲ್ಲಿ ಊರವರ ಸಹಭಾಗಿತ್ವವನ್ನು ಹೊಸದಾಗಿ ಕಟ್ಟಬೇಕಿಲ್ಲ. ದೊಡ್ಡಾಟವೆಂದರೆ ಅದೇ: ಒಕ್ಕಲು ಮಕ್ಕಳೇ ಪಾತ್ರಧಾರಿಗಳು, ತಿಂಗಳುಗಟ್ಟಲೆ ತಾಲೀಮು, ಖರ್ಚಿಗೆ ಊರ ಪಟ್ಟಿ. ಆದರೆ ತಾಲೀಮು ರಾತ್ರಿಯದು, ಶಾಲೆ ಹಗಲಿನದು. ಆಟ ಕಲಿಸುವ ಮಾಸ್ತರರನ್ನು ಪದವಿಯಿಲ್ಲವೆಂದು ಬಾಗಿಲಲ್ಲೇ ನಿಲ್ಲಿಸಿದರೆ, ಪದಗಳನ್ನು ಬಾಯಲ್ಲಿ ಉಳಿಸಿಕೊಂಡ ಆ ತಲೆಮಾರು ತೀರಿದ ಮೇಲೆ ನಾವು ಯಾರನ್ನು ಕರೆಯೋಣ?